ಲಾರ್ಡ್ ಜಾರ್ಜ್ ಮರ್ರೆಯನ್ನು ದ್ರೋಹಿ ಎನ್ನಬಹುದೇ?

ಪ್ರಶ್ನೆ:
ಅಥೋಲ್‌ನ ಮೊದಲ ಡ್ಯೂಕನ ಮಗ ಲಾರ್ಡ್ ಜಾರ್ಜ್ ಮರ್ರೆ (1694–1760) ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಬ್ರಿಟನ್ನಿನ ಪಟ್ಟಕ್ಕೇರಿಸಲು ನಡೆದ 1745ರ ಜಾಕೊಬೈಟ್ ದಂಗೆಯಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಪ್ರಮುಖ ದಂಡನಾಯಕನಾಗಿದ್ದ. ಲಂಡನ್ನಿನತ್ತ ಹೊರಟು ಡರ್ಬಿಯವರೆಗೆ ತಲುಪಿದ್ದ ಸೇನೆ ಸ್ಕಾಟ್ಲೆಂಡಿಗೆ ಹಿಂದಿರುಗಬೇಕೆಂದು ಡಿಸೆಂಬರ್‌ನಲ್ಲಿ ವಾದಿಸಿದವನೂ ಅವನೇ. ಇದನ್ನು ದ್ರೋಹವೆಂದು ಬಗೆಯುವುದು ನ್ಯಾಯವೇ?

ಉತ್ತರ 1:
ಖಂಡಿತ ಅಲ್ಲ. ಇಂಗ್ಲೆಂಡಿನ ಬೆಂಬಲಿಗರು ನಿರೀಕ್ಷಿಸಿದಷ್ಟು ಸಂಖ್ಯೆಯಲ್ಲಿ ಬಂದು ಸೇರಿರಲಿಲ್ಲ, ಫ್ರೆಂಚ್ ಪಡೆ ಇಂಗ್ಲೆಂಡಿನಲ್ಲಿ ಇಳಿದಿರಲಿಲ್ಲ. ಇತ್ತ ಸರ್ಕಾರದ ದಂಡನಾಯಕರಾದ ಕಂಬರ್ಲೆಂಡ್ ಡ್ಯೂಕ್ ಮತ್ತು ವೇಡ್ ಇಬ್ಬರ ಸೇನೆಗಳೂ ಇವರನ್ನು ಸುತ್ತುವರಿಯುವ ಅಪಾಯವಿತ್ತು. ಯುದ್ಧಸಭೆಯ ಬಹುಪಾಲು ಸದಸ್ಯರೂ ಅವನ ಮಾತನ್ನೇ ಒಪ್ಪಿದರು. ಹಿಮ್ಮೆಟ್ಟುವಾಗ ಅತ್ಯಂತ ಅಪಾಯಕರವಾದ ಹಿಂಬದಿಯ ರಕ್ಷಣೆಯನ್ನು ಅವನೇ ವಹಿಸಿಕೊಂಡು, ಡಿಸೆಂಬರ್ 18ರಂದು ಕ್ಲಿಫ್ಟನ್‌ನಲ್ಲಿ ಬೆನ್ನಟ್ಟಿ ಬಂದವರನ್ನು ತಡೆದ. ದ್ರೋಹಿಯಾಗಿದ್ದರೆ ಈ ಹೊಣೆಯನ್ನು ಏಕೆ ಹೊರುತ್ತಿದ್ದ?

ಉತ್ತರ 2:
ಸಂದೇಹದ ಬೇರು ಅವನ ಹಿಂದಿನ ಬದುಕಿನಲ್ಲಿದೆ. 1715 ಮತ್ತು 1719ರ ದಂಗೆಗಳಲ್ಲಿ ಭಾಗವಹಿಸಿ, ಬಳಿಕ ಸರ್ಕಾರದ ಕ್ಷಮಾದಾನ ಪಡೆದು ಊರಿಗೆ ಮರಳಿದ್ದವನು ಅವನು. ಜೊತೆಗೆ ಅವನ ಒಬ್ಬ ಅಣ್ಣ ಸ್ಟುವರ್ಟರ ಪಕ್ಷದಲ್ಲಿದ್ದರೆ, ಡ್ಯೂಕ್ ಪದವಿಯಲ್ಲಿದ್ದ ಇನ್ನೊಬ್ಬ ಅಣ್ಣ ಸರ್ಕಾರದ ಪಕ್ಷದಲ್ಲಿದ್ದ. ಆದರೆ 1746ರ ಮಾರ್ಚಿನಲ್ಲಿ ಸರ್ಕಾರಿ ಪಡೆಯ ವಶದಲ್ಲಿದ್ದ ತನ್ನ ಮನೆತನದ ಬ್ಲೇರ್ ಕೋಟೆಗೇ ಮುತ್ತಿಗೆ ಹಾಕಿದವನ ನಿಷ್ಠೆಯನ್ನು ಪ್ರಶ್ನಿಸುವುದು ನನಗಂತೂ ಅನ್ಯಾಯವೆನಿಸುತ್ತದೆ.

ಉತ್ತರ 3:
ಈ ಸಂದೇಹಕ್ಕೆ ಅವನ ಸ್ವಭಾವವೂ ಒಂದು ಕಾರಣ: ಒರಟು ಮಾತು, ಮುಂಗೋಪ. 1746ರ ಏಪ್ರಿಲ್‌ನಲ್ಲಿ ದಂಗೆಯ ಕೊನೆಯ ಕದನ ನಡೆದ ಕಲೋಡೆನ್‌ನ ಬಯಲು ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟನಾಡು) ಯೋಧರಿಗೆ ತಕ್ಕುದಲ್ಲವೆಂದು ಅವನು ಮೊದಲೇ ಎಚ್ಚರಿಸಿದ್ದ. ಸೋಲಿನ ಮರುದಿನ ಅತ್ಯಂತ ಕಟುವಾದ ಪತ್ರ ಬರೆದು ರಾಜೀನಾಮೆಯನ್ನೂ ನೀಡಿದ. ಚಾರ್ಲ್ಸ್ ಅದನ್ನು ಕ್ಷಮಿಸಲಿಲ್ಲ. ಪ್ಯಾರಿಸ್‌ನಲ್ಲಿ ಭೇಟಿಗೂ ಒಪ್ಪಲಿಲ್ಲ. ಚಾರ್ಲ್ಸ್‌ನ ತಂದೆ ಮಾತ್ರ ರೋಮ್‌ನಲ್ಲಿ ಅವನನ್ನು ಆದರದಿಂದ ಬರಮಾಡಿಕೊಂಡ. ಮರ್ರೆ ನೆದರ್ಲೆಂಡ್ಸ್‌ನ ಮೆಡೆಂಬ್ಲಿಕ್‌ನಲ್ಲಿ ತೀರಿಕೊಂಡ; ಅವನ ಮಗ 1764ರಲ್ಲಿ ಅಥೋಲ್‌ನ ಮೂರನೆಯ ಡ್ಯೂಕನಾದ.