ಮೂರು ವರ್ಷದ ಮಗಳಿಗೆ ಅಳಿಸದೆ ಹಲ್ಲುಜ್ಜಿಸುವುದು ಹೇಗೆ?

ಪ್ರಶ್ನೆ:

ನಮ್ಮ ಮಗಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿದೆ. ಬ್ರಷ್ ಕಂಡ ಕೂಡಲೇ ತುಟಿ ಬಿಗಿದುಕೊಂಡು, ತಲೆಯನ್ನು ಆಚೀಚೆ ತಿರುಗಿಸುತ್ತಾಳೆ. ನಾನು ಕೈ ಹಿಡಿದುಕೊಳ್ಳುವುದು, ಯಜಮಾನರು ಉಜ್ಜುವುದು ಎಂಬ ಕಸರತ್ತು ಒಂದು ವಾರ ನಡೆಯಿತು. ಈಗ ಅವಳು ಬಚ್ಚಲುಮನೆಯ ಬಾಗಿಲು ಕಂಡರೇ ಓಡುತ್ತಾಳೆ. "ಹೇಗೂ ಬಿದ್ದುಹೋಗುವ ಹಾಲುಹಲ್ಲಿಗೆ ಮಗುವನ್ನೇಕೆ ಇಷ್ಟು ಗೋಳುಹೊಯ್ದುಕೊಳ್ಳುತ್ತೀರಿ" ಎಂದು ಅತ್ತೆಯವರು ಕೇಳುತ್ತಾರೆ. ರಾತ್ರಿ ಹಾಲು ಕುಡಿಯುತ್ತಲೇ ನಿದ್ದೆಹೋಗುವ ಅಭ್ಯಾಸವೂ ಅವಳಿಗಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1, ಇಬ್ಬರು ಮಕ್ಕಳ ತಂದೆ:

ನನ್ನ ಮಗನೂ ದಿನಾ "ಖಾರ, ಖಾರ" ಎಂದು ಅಳುತ್ತಿದ್ದ. ಅದು ನೆಪವೆಂದೇ ನಾವು ತಿಳಿದಿದ್ದೆವು. ನಾವು ದೊಡ್ಡವರು ಬಳಸುವ ಪುದೀನದ ಪೇಸ್ಟನ್ನೇ ಅವನಿಗೂ ಹಾಕುತ್ತಿದ್ದೇವೆ ಎಂಬುದು ಹೊಳೆಯಲು ಒಂದು ತಿಂಗಳು ಹಿಡಿಯಿತು. ಕೆಲವು ದಿನ ಬರೀ ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಆಮೇಲೆ ಖಾರವಿಲ್ಲದ ಮಕ್ಕಳ ಪೇಸ್ಟಿಗೆ ಬಂದ ಮೇಲೆ ಅರ್ಧ ಜಗಳ ಅಲ್ಲಿಗೇ ನಿಂತಿತು. ಉಳಿದರ್ಧವನ್ನು ಕನ್ನಡ ಅಕ್ಷರಮಾಲೆ ನಿಲ್ಲಿಸಿತು ಎಂದರೆ ನೀವು ನಗಬಹುದು. "ಆ" ಎಂದು ಎಳೆದಾಗ ಬಾಯಿ ಅಗಲವಾಗಿ ತೆರೆದು ದವಡೆ ಹಲ್ಲು ಸಿಗುತ್ತದೆ, "ಈ" ಎಂದಾಗ ತುಟಿ ಸರಿದು ಮುಂದಿನ ಹಲ್ಲು ಸಿಗುತ್ತದೆ, "ಅಂ" ಎಂದಾಗ ಬಾಯಿ ತಾನಾಗಿಯೇ ಮುಚ್ಚುವುದರಿಂದ ಅದು ಉಗಿಯುವ ಸಮಯ. ಮೊದಲು ಅವನು ನನ್ನ ಹಲ್ಲುಜ್ಜಬೇಕು, ನಂತರ ನನ್ನ ಸರದಿ ಎಂಬುದು ನಮ್ಮ ಒಪ್ಪಂದ. ಅವನು ಸೇಡು ತೀರಿಸಿಕೊಳ್ಳುವಂತೆ ಉಜ್ಜುತ್ತಾನೆ, ಅದನ್ನು ಸಹಿಸಿಕೊಳ್ಳಬೇಕು.

ಉತ್ತರ 2, ಮಕ್ಕಳ ದಂತವೈದ್ಯೆ:

ನಿಮ್ಮ ಅತ್ತೆಯವರ ಮಾತು ಮುಂದಿನ ಹಲ್ಲುಗಳ ಮಟ್ಟಿಗೆ ಸರಿ, ಅವು ಆರೇಳು ವರ್ಷಕ್ಕೆ ಬೀಳುತ್ತವೆ; ಆದರೆ ಹಿಂದಿನ ಹಾಲುದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೂ ಇದ್ದು, ಅಗಿಯುವುದಲ್ಲದೆ ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯುತ್ತವೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿಗೆ ಅಂಟಿದ ಹಾಲು ತೊಳೆದುಹೋಗದೆ ರಾತ್ರಿಯಿಡೀ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಹಾಲನ್ನು ಅರ್ಧ ಗಂಟೆ ಮುಂಚೆ ಕುಡಿಸಿ, ಆಮೇಲೆ ಉಜ್ಜಿಸಿ. ಬೆಳಿಗ್ಗೆಯದು ಒಂದು ದಿನ ಅರೆಬರೆಯಾದರೂ ರಾತ್ರಿಯದನ್ನು ಬಿಡಬೇಡಿ.

ಹಲ್ಲುಜ್ಜಲು ಬಚ್ಚಲುಮನೆಯೇ ಆಗಬೇಕೆಂದಿಲ್ಲ. ಚಾಪೆಯ ಮೇಲೆ ಕುಳಿತು, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟು ಅಂಗಾತ ಮಲಗಿಸಿಕೊಂಡರೆ, ತಲೆಗೆ ಆಸರೆ ಸಿಗುವುದಲ್ಲದೆ ಒಳಗಿನ ಹಲ್ಲೆಲ್ಲ ನಿಮ್ಮ ಕಣ್ಣಿಗೆ ಬೀಳುತ್ತವೆ. ಎಡಗೈ ಬೆರಳಿನಿಂದ ತುಟಿಯನ್ನು ಮೆಲ್ಲಗೆ ಎತ್ತಿಹಿಡಿಯಿರಿ. ಮೇಲಿನ ಮುಂಬಲ್ಲುಗಳ ನಡುವೆ ಒಸಡಿನಿಂದ ತುಟಿಗೆ ಇಳಿಯುವ ತೆಳು ಪೊರೆಗೆ ಬ್ರಷ್ ತಗುಲಿದರೆ ಚುರ್ರೆನ್ನುತ್ತದೆ, ಎಷ್ಟೋ ಮಕ್ಕಳು ಬಾಯಿ ಬಿಗಿಯುವುದು ಹಟಕ್ಕಲ್ಲ, ಈ ನೋವಿಗೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ನಂತರ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂತಹ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದುಂಟು. ಅಂಥ ನೀರು ಕುಡಿಯುವವರು ಪೇಸ್ಟಿನ ಬಗ್ಗೆ ತಮ್ಮ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು. ಅವಳೇ ಉಜ್ಜಿಕೊಳ್ಳುತ್ತೇನೆಂದರೆ ಬ್ರಷ್ ಕೊಡಿ, ಆದರೆ ಏಳೆಂಟು ವರ್ಷದವರೆಗೆ ಕೊನೆಯ ಕೈ ನಿಮ್ಮದೇ ಆಗಿರಲಿ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ:

ಇಬ್ಬರಿಗೂ ಧನ್ಯವಾದಗಳು. ಚಾಪೆಯ ಉಪಾಯ ಮೂರನೆಯ ರಾತ್ರಿಯಿಂದ ಕೆಲಸ ಮಾಡಿತು. "ಈ" ಹೇಳಿಸುವ ಹೊಣೆಯನ್ನು ಅತ್ತೆಯವರೇ ವಹಿಸಿಕೊಂಡಿದ್ದಾರೆ. ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದಾಗ ಕೆಳದವಡೆಯ ಕೊನೆಯ ಹಲ್ಲಿನ ಗುಳಿಯಲ್ಲಿ ಒಂದು ಕಂದು ಗೆರೆ ಕಂಡಿತು, ಉಜ್ಜಿದರೂ ಹೋಗಲಿಲ್ಲ. ಶನಿವಾರ ದಂತವೈದ್ಯರಿಗೆ ತೋರಿಸಲು ಹೋಗುತ್ತಿದ್ದೇವೆ.