ಮಾಳಿಗೆ ಮಣ್ಣು ಎಲ್ಲಿಗೆ?

ಡಲ್ಲಾಸ್ ತಮ್ಮ: ಫೋಟೋ ನೋಡಿ, ನಮ್ಮ ಮನೆ ಸೂರು ಬದಲಾಯಿಸುವಾಗ ತಂದಿಟ್ಟ ಡಂಪ್‌ಸ್ಟರ್. ಕಸ ತುಂಬುವ ದೊಡ್ಡ ಕಬ್ಬಿಣದ ಡಬ್ಬ, 20 ಘನ ಯಾರ್ಡ್ ಹಿಡಿಯುತ್ತದೆ. ಒಂದು ವಾರ ಮನೆ ಮುಂದೆ ಬಿಟ್ಟಿರುತ್ತಾರೆ, ತುಂಬಿದ ಮೇಲೆ ಅವರೇ ಬಂದು ಒಯ್ಯುತ್ತಾರೆ. ಚಿತ್ರದುರ್ಗದ ಬುರುಜನಹಟ್ಟಿಯ ನಮ್ಮ ಹಳೇ ಮನೆ ಮಾಳಿಗೆ ಕೀಳುವಾಗಲೂ ಇಂಥದ್ದು ಬಾಡಿಗೆಗೆ ನೋಡಿ, ದುಡ್ಡು ನಾನು ಕಳಿಸುತ್ತೇನೆ.

ದೊಡ್ಡಣ್ಣ: ಚೆನ್ನಾಗಿದೆ. ಓಣಿಗೆ ಮಣ್ಣು ಬಿದ್ದರೆ ಎದುರು ಮನೆಯವರು ಸುಮ್ನೆ ಬಿಡಲ್ಲ.

ಚಿಕ್ಕಪ್ಪ: ಅದೆಲ್ಲ ಯಾಕಪ್ಪ? ಟ್ರ್ಯಾಕ್ಟರ್‌ನವನಿಗೆ ಹೇಳಿದ್ದೇನೆ. ಬೆಳಿಗ್ಗೆ ಐದಕ್ಕೆ ಹಳ್ಳದ ಕಡೆ ಸುರಿದು ಬರುತ್ತಾನೆ.

ನಾನು: ಚಿಕ್ಕಪ್ಪ, ಹಳ್ಳಕ್ಕೆ ಬೇಡ. ಕಟ್ಟಡದ ಕಸ ರಸ್ತೆಗೆ, ಚರಂಡಿಗೆ ಸುರಿಯಬಾರದು ಅಂತ 2016ರಲ್ಲೇ ನಿಯಮ ಬಂದಿದೆ. ತಮ್ಮ, ನಿನ್ನ ಡಬ್ಬವೂ ಇಲ್ಲಿ ಆಗಲ್ಲ. ಆಟೋ ಬಂದರೆ ಗೋಡೆಗೆ ಒತ್ತಿ ನಿಲ್ಲುವ ಓಣಿ ನಮ್ಮದು, ಅದನ್ನು ಇಳಿಸುವ ಲಾರಿ ಎಲ್ಲಿ ತಿರುಗುತ್ತದೆ? ನೀವು ಕಿತ್ತದ್ದು ಡಾಂಬರಿನ ತೆಳು ಹಾಳೆ, ಶಿಂಗಲ್ಸ್; ನಮ್ಮದು ಮಣ್ಣಿನ ಮಾಳಿಗೆ. 600 ಚದರ ಅಡಿ, ಮುಕ್ಕಾಲು ಅಡಿ ದಪ್ಪ ಅಂದರೂ 450 ಘನ ಅಡಿ ಮಣ್ಣು, ಹತ್ತಿರ ಹತ್ತಿರ 20 ಟನ್. ನಿನ್ನ ಡಬ್ಬದಲ್ಲಿ 540 ಘನ ಅಡಿ ಜಾಗ ಇದೆ, ಆದರೆ ಅಷ್ಟು ತೂಕ ಎತ್ತುತ್ತಾರಾ?

ಡಲ್ಲಾಸ್ ತಮ್ಮ: ಇಲ್ಲ ಅಕ್ಕ. ತೂಕಕ್ಕೆ ಮಿತಿ ಇದೆ, ಮೀರಿದರೆ ಟನ್ ಲೆಕ್ಕದಲ್ಲಿ ಜಾಸ್ತಿ ಕೊಡಬೇಕು. ಮಣ್ಣು, ಕಾಂಕ್ರೀಟಿಗೆ ಸಾಮಾನ್ಯವಾಗಿ 10 ಯಾರ್ಡಿನದೇ ಕೊಡುತ್ತಾರೆ.

ಚಿಕ್ಕಪ್ಪ: ಅದಕ್ಕೇ ಟ್ರ್ಯಾಕ್ಟರ್ ಅಂದದ್ದು.

ನಾನು: ಟ್ರ್ಯಾಕ್ಟರೇ ಬರಲಿ, ಓಣಿ ಬಾಯಲ್ಲಿ ನಿಲ್ಲಲಿ, ಬಾಣಲಿಯಲ್ಲಿ ಹೊತ್ತು ತುಂಬಿಸೋಣ. ಅಗೆದ ಮಣ್ಣು ಉಬ್ಬುತ್ತದೆ, ಟ್ರೇಲರಿಗೆ 100 ಘನ ಅಡಿ ಹಿಡಿದರೆ ಆರು ಲೋಡ್ ಆದೀತು. ಎಲ್ಲಿಗೆ ಒಯ್ಯಬೇಕು ಅನ್ನುವುದೇ ನನ್ನ ಜಗಳ. ಅದು ಕಸ ಅಲ್ಲ ಚಿಕ್ಕಪ್ಪ! ಮೇಲಿರುವುದು ಕರಲು ಮಣ್ಣು, ಅಂದರೆ ಚೌಳು ಮಣ್ಣು; ನೀರು ಇಳಿಯಬಾರದು ಅಂತ ಅಜ್ಜ ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ತರಿಸಿ ಹಾಕಿಸುತ್ತಿದ್ದರು, ನೀವೇ ತುಳಿದಿದ್ದೀರಿ ಅಲ್ವಾ? ಸುತ್ತಲ ಹಳ್ಳಿಗಳಲ್ಲಿ ಇನ್ನೂ ಮಾಳಿಗೆ ಮನೆಗಳಿವೆ, ಬೇಕಾ ಅಂತ ಮೊದಲು ಕೇಳೋಣ. ಹೊಲಕ್ಕೆ ಮಾತ್ರ ಬೇಡ, ಕರಲು ಬಿದ್ದಲ್ಲಿ ಪೈರು ಏಳಲ್ಲ. ತೊಲೆ, ಜಂತೆ ಗಟ್ಟಿ ಇದ್ದರೆ ಬಾಗಿಲು ಚೌಕಟ್ಟಿಗಾಗುತ್ತವೆ.

ನನಗೆ ಭಯ ಇರುವುದು ಅಡುಗೆಮನೆ ಮೇಲಿನ ಕಲ್ನಾರು (ಆಸ್ಬೆಸ್ಟಾಸ್) ಶೀಟಿನದು. ಅದನ್ನು ಸುತ್ತಿಗೆಯಲ್ಲಿ ಒಡೆಯಲೇಬೇಡಿ. ಆ ಧೂಳು ಶ್ವಾಸಕೋಶಕ್ಕೆ ಸೇರಿದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಬರಬಹುದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಮಣ್ಣಿನ ಜೊತೆ ಒಂದು ಚೂರೂ ಸೇರಬಾರದು.

ಚಿಕ್ಕಪ್ಪ: ಇಳಿಸಿದ ಶೀಟು ಎಲ್ಲಿಡುತ್ತೀಯವ್ವ?

ನಾನು: ಪ್ಲಾಸ್ಟಿಕ್ ಹಾಳೆ ಸುತ್ತಿ ಹಿತ್ತಲಲ್ಲಿ ಇಡೋಣ. ನಗರಸಭೆಗೆ ನಾಳೆ ನಾನೇ ಹೋಗಿ ಕೇಳುತ್ತೇನೆ. ಅಲ್ಲಿವರೆಗೆ ಟ್ರ್ಯಾಕ್ಟರ್‌ನವನನ್ನು ತಡೆಯಿರಿ.

ಚಿಕ್ಕಪ್ಪ: ಗುರುವಾರದವರೆಗೆ ತಡೆಯುತ್ತೇನೆ. ಆಮೇಲೆ ಮಳೆ ಬಂದರೆ ನನ್ನನ್ನು ಕೇಳಬೇಡಿ.

ದೊಡ್ಡಣ್ಣ: ಬಾಣಲಿ ನಾಲ್ಕು ನನ್ನ ಹತ್ತಿರ ಇವೆ.