ಸಹಾಯ ಬೇಕು: ಶಿವಮೊಗ್ಗದಲ್ಲಿ ಒಳ್ಳೆ ಲೇಡಿ ಡಾಕ್ಟರ್ ಯಾರಿದ್ದಾರೆ?

ಅಕ್ಕಂದಿರೇ, ಹೊಸನಗರ ಕಡೆಯ ನನ್ನ ಗೆಳತಿ ಈಗ ಏಳು ವಾರದ ಬಸಿರಿ. ಚಿಕ್ಕ ಮಗು ಇನ್ನೂ ಎದೆಹಾಲು ಬಿಟ್ಟಿಲ್ಲ. ಹೋದ ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿತ್ತು, ಇವತ್ತಿಗೂ ಕೊಡಪಾನ ಎತ್ತಿದರೆ ತಲೆ ಸುತ್ತುತ್ತದೆ. ಈ ಬಸಿರು ಬೇಡ ಅಂತ ಅವಳೇ ಯೋಚಿಸಿ ತೀರ್ಮಾನಿಸಿದ್ದಾಳೆ.

ಒಂದು ನರ್ಸಿಂಗ್ ಹೋಮ್‌ನಲ್ಲಿ ಗಂಡನ ಸಹಿ ಬೇಕೇ ಬೇಕು ಅಂತ ವಾಪಸ್ ಕಳಿಸಿದರು. ಇದು ತಪ್ಪು ಅಲ್ವಾ? 1971ರ ಗರ್ಭಪಾತ ಕಾಯ್ದೆ ಪ್ರಕಾರ 18 ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಮಾತ್ರೆಯಲ್ಲಿ ಮುಗಿಸುವುದಾದರೆ 9 ವಾರದ ಒಳಗೆ ಆಗಬೇಕು, ಅದಕ್ಕೇ ಅವಸರ. ಊರಲ್ಲಿ ಕಷಾಯ, ಪಪ್ಪಾಯಿ ಅನ್ನುವವರೇ ಜಾಸ್ತಿ. ಅದೆಲ್ಲ ಬೇಡ ಅಂತ ತಡೆದಿದ್ದೇನೆ.

ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೋದರೆ ಮೊದಲು ಎಲ್ಲಿ ಚೀಟಿ ಮಾಡಿಸಬೇಕು? ಬೈಯದೆ ಮಾತಾಡಿಸುವ, ವಿಷಯ ಗುಟ್ಟಾಗಿಡುವ ಡಾಕ್ಟರ್ ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ.